ಕೂಸಿಗೆ ನಾಟಕ ಯಾವಾಗ ತೋರಿಸಬೇಕು?

"ಮೂರು ವರ್ಷದ ಕೂಸೈತ್ರಿ, ನಾಟಕಕ್ಕ ಕರಕೊಂಡು ಹೋಗಬಹುದೇನು?" ಜಾತ್ರೆ ಹತ್ತಿರ ಬಂದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ತೊಡೆಯ ಮೇಲೆ ಮಲಗಿಸಿಕೊಂಡೇ ಬೆಳತನಕ ಆಟ ನೋಡಿದ ಅಜ್ಜಿಗೆ ಇದೊಂದು ಪ್ರಶ್ನೆಯೇ ಅಲ್ಲ. ಮಗು ಹೆದರಿ ಕಿರುಚಿದರೆ, ಮರುದಿನ ಜ್ವರ ಬಂದರೆ, ಅಂಗನವಾಡಿ ತಪ್ಪಿದರೆ ಎಂದು ತಾಯಿ ಲೆಕ್ಕ ಹಾಕುತ್ತಾಳೆ. ಇಬ್ಬರ ಮಾತಿನಲ್ಲೂ ತಥ್ಯವಿದೆ. ಆದರೆ ಇಬ್ಬರೂ ನೋಡುತ್ತಿರುವುದು ವಯಸ್ಸನ್ನು ಮಾತ್ರ. ಯಾವ ನಾಟಕ, ಎಷ್ಟು ಹೊತ್ತಿಗೆ, ಎಲ್ಲಿ ಕೂತು, ಯಾರ ಜೊತೆ ಎಂಬ ನಾಲ್ಕು ಸಂಗತಿಗಳು ವಯಸ್ಸಿಗಿಂತ ಹೆಚ್ಚು ತೂಗುತ್ತವೆ.

ಬೆಂಗಳೂರಿನಂಥ ಊರುಗಳ ರಂಗಮಂದಿರಗಳಲ್ಲಿ ಎಷ್ಟು ವರ್ಷ ಮೇಲ್ಪಟ್ಟ ಮಕ್ಕಳಿಗೆ ಪ್ರವೇಶ ಎಂದು ಟಿಕೆಟ್ಟಿನ ಮೇಲೆಯೇ ಬರೆದಿರುವುದುಂಟು. ನಮ್ಮ ಕಡೆಯ ಕರಪತ್ರದಲ್ಲಿ ದಾನಿಗಳ ಹೆಸರು, ಪಾತ್ರಧಾರಿಗಳ ಫೋಟೊ, ಹಾರ್ಮೋನಿಯಂ ಮಾಸ್ತರರ ಊರು, ಸೀನರಿ ಯಾರದು ಎಂಬುದೆಲ್ಲ ಇರುತ್ತದೆ, ವಯಸ್ಸಿನ ಮಾತು ಇರುವುದಿಲ್ಲ. ಇಲ್ಲಿ ಮಗುವಿನ ಕಣ್ಣಿಗೆ ಮೊದಲು ಬೀಳುವ ರಂಗಭೂಮಿ ಮಕ್ಕಳಿಗೆಂದು ಮಾಡಿದ್ದೂ ಅಲ್ಲ. ಊರ ಹುಡುಗರು ಜಾತ್ರೆಗೆ ಆಡುವ ಸಾಮಾಜಿಕ ನಾಟಕ, ಇಂಡಿಯ ಶಾಂತೇಶ್ವರ ಜಾತ್ರೆಯಂಥ ಕಡೆ ಟೆಂಟು ಹೊಡೆಯುವ ಕಂಪನಿ, ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಶಾಲೆಯ ಗ್ಯಾದರಿಂಗ್: ಇವುಗಳಲ್ಲಿ ಗ್ಯಾದರಿಂಗ್ ಒಂದನ್ನು ಬಿಟ್ಟರೆ ಉಳಿದವೆಲ್ಲ ದೊಡ್ಡವರ ರಾತ್ರಿಗಾಗಿ ಹುಟ್ಟಿದವು. ಹಾಗಾಗಿ ಟಿಕೆಟ್ಟಿನ ಮೇಲೆ ಇರಬೇಕಾಗಿದ್ದ ತೀರ್ಮಾನವನ್ನು ತಂದೆ ತಾಯಿಯೇ ಮಾಡಬೇಕಾಗುತ್ತದೆ.

ಒಂದು ಅಂದಾಜು ಬೇಕೇ ಬೇಕೆಂದರೆ ನನ್ನ ಅಭಿಪ್ರಾಯ ಹೀಗಿದೆ. ಹಗಲಲ್ಲಿ, ಹಾಡು ಕುಣಿತವಿರುವ ಅರ್ಧ ಮುಕ್ಕಾಲು ಗಂಟೆಯ ಆಟಕ್ಕೆ ಮಗುವಿಗೆ ಮೂರು ವರ್ಷ ಆಗಿದ್ದರೆ ಸಾಕು. ಕಥೆಯೊಂದನ್ನು ಹಿಡಿದು ಗಂಟೆ ಒಂದೂವರೆ ಗಂಟೆ ಕೂರಲು ಐದೋ ಆರೋ ಆಗಿರಬೇಕು. ಕಂಪನಿ ನಾಟಕವನ್ನು ಪೂರ್ತಿ ನೋಡಿ ಅದರ ಕೊಲೆ, ಮೋಸ, ಕಣ್ಣೀರನ್ನೆಲ್ಲ ತಾಳಿಕೊಳ್ಳಲು ಎಂಟು ಒಂಬತ್ತು ದಾಟಿದ್ದರೆ ಒಳ್ಳೆಯದು. ಇದು ಅಂದಾಜು ಅಷ್ಟೇ. ಇಟಲಿಯ ಬೊಲೊನ್ಯಾ ನಗರದ ಲಾ ಬರಾಕ್ಕಾ ಎಂಬ ತಂಡ 1980ರ ದಶಕದಿಂದಲೂ ಮೂರು ವರ್ಷದೊಳಗಿನ ಕೂಸುಗಳಿಗೆಂದೇ ನಾಟಕ ಮಾಡುತ್ತ ಬಂದಿದೆ. ಕೂಸಿಗೆ ಹೊಂದುವಂತೆ ಆಟವನ್ನೇ ರೂಪಿಸಿದರೆ ಆ ವಯಸ್ಸೂ ಅಡ್ಡಿಯಲ್ಲ. ದೊಡ್ಡವರ ಆಟಕ್ಕೆ ಚಿಕ್ಕವರನ್ನು ಒಯ್ಯುವಾಗ ಮಾತ್ರ ವಯಸ್ಸಿನ ಪ್ರಶ್ನೆ ಗಟ್ಟಿಯಾಗುತ್ತದೆ.

ಮಗು ಸಿದ್ಧವಾಗಿದೆಯೇ ಎಂದು ತಿಳಿಯಲು ಮನೆಯಂಗಳದಲ್ಲಿ ಅದು ಆಡುವ ಆಟವನ್ನು ನೋಡಿ. ಕೋಲನ್ನು ಕುದುರೆ ಮಾಡಿಕೊಂಡು ಓಡುತ್ತದೆಯೇ? ಅವ್ವನ ಓಢಣಿ ಸುತ್ತಿಕೊಂಡು ಟೀಚರ್ ಆಗುತ್ತದೆಯೇ? ಮಣ್ಣಿನ ರೊಟ್ಟಿ ಬಡಿದು ನಿಮಗೆ ಕೊಟ್ಟು, ನೀವು ನಿಜವಾಗಿಯೂ ಬಾಯಿಗಿಟ್ಟುಕೊಳ್ಳಲು ಹೋದರೆ "ಏ, ಸುಳ್ಳ ಸುಳ್ಳ ತಿನ್ನಬೇಕು" ಎಂದು ತಡೆಯುತ್ತದೆಯೇ? ಹಾಗೆ ತಡೆದ ಮಗುವಿಗೆ ನಾಟಕದ ಮೂಲ ಒಪ್ಪಂದ ಗೊತ್ತಾಗಿದೆ: ಇದು ನಿಜವಲ್ಲ, ಆದರೂ ನಿಜದಂತೆ ನಡೆಸಬೇಕು. ಸಾಮಾನ್ಯವಾಗಿ ಮೂರರಿಂದ ಐದರ ನಡುವೆ ಮಕ್ಕಳಲ್ಲಿ ಈ ತಿಳಿವು ಗಟ್ಟಿಯಾಗುತ್ತ ಹೋಗುತ್ತದೆ. ಒಂದು ಎಚ್ಚರವೂ ಬೇಕು. ತಾನೇ ನಡೆಸುವ ಆಟದಲ್ಲಿ ಸುಳ್ಳು ನಿಜ ಬಲ್ಲ ಮಗು, ಬೇರೆಯವರು ಬಣ್ಣ ಬಳಿದುಕೊಂಡು ಕತ್ತಿ ಹಿಡಿದು ಎದುರು ನಿಂತಾಗ ಅದನ್ನು ಮರೆತುಬಿಡಬಲ್ಲದು. ಗೊತ್ತಿರುವುದು ಬೇರೆ, ಅಂಜಿಕೆಯ ಹೊತ್ತಿನಲ್ಲಿ ಅದು ನೆನಪಿಗೆ ಬರುವುದು ಬೇರೆ. ನಾಲ್ಕು ವರ್ಷದ ಜಾಣ ಮಗುವೂ ದುಶ್ಶಾಸನನ ಮೀಸೆ ಕಂಡು ಅಳುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಗುರುತು, ಕಥೆ ಕೇಳುವ ರೀತಿ. ಮಲಗುವಾಗ ಹೇಳುವ ಕಥೆಗೆ "ಆಮ್ಯಾಲ?" ಎಂದು ಕೇಳುವ ಮಗು ಒಂದು ಘಟನೆಗೆ ಇನ್ನೊಂದನ್ನು ಜೋಡಿಸಿಕೊಳ್ಳುತ್ತಿದೆ ಎಂದರ್ಥ. ಕಥೆಯ ನಡುವೆ ಎದ್ದು ಓಡಿಹೋಗಿ ಮರಳಿ ಬಂದು ಇನ್ನೊಂದು ಕಥೆ ಹೇಳೆನ್ನುವ ಮಗುವಿಗೆ ನಾಟಕವೆಂದರೆ ಸದ್ಯಕ್ಕೆ ಬಣ್ಣ, ದೀಪ, ಡೋಲು ಅಷ್ಟೇ. ಅದೂ ಕಡಿಮೆಯದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಯಾವ ಬಗೆಯ ಪ್ರೇಕ್ಷಕರಿಗೆ ಏನು ಹಿಡಿಸುತ್ತದೆ ಎಂದು ಹೇಳುವ ಕಡೆ, ಮಕ್ಕಳು ಮೆಚ್ಚುವುದು ಹಾಸ್ಯವನ್ನೂ ವೇಷವನ್ನೂ ಎಂಬ ಮಾತು ಬರುತ್ತದೆ. ಆ ಗ್ರಂಥವನ್ನು ಕನ್ನಡಕ್ಕೂ ಇಂಗ್ಲಿಷಿಗೂ ತಂದ ಶ್ರೀರಂಗರು, ಅಂದರೆ ಆದ್ಯ ರಂಗಾಚಾರ್ಯರು, 1904ರಲ್ಲಿ ಹುಟ್ಟಿದ್ದು ಇದೇ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ. ಚಿಕ್ಕ ಮಗುವಿಗೆ ಮೊದಲ ನಾಟಕ ಆರಿಸುವಾಗ ಹಾಸ್ಯವೂ ವೇಷವೂ ಹೆಚ್ಚಿರುವುದನ್ನು ಆರಿಸಿಕೊಳ್ಳಿ ಎಂಬ ಸಲಹೆಗೆ ಇಷ್ಟು ಹಳೆಯ ಆಧಾರವಿದೆ.

ಮೂರನೆಯದನ್ನು ನೋಡಲು ಹಗಲುವೇಷದವರು ಊರಿಗೆ ಬರುವ ದಿನಕ್ಕೆ ಕಾಯಬೇಕು. ರಾಮನೋ ಹನುಮಂತನೋ ರಾಕ್ಷಸನೋ ಆಗಿ ಬಿಸಿಲಲ್ಲಿ ಬಾಗಿಲಿಗೇ ಬಂದು ನಿಲ್ಲುವ ಈ ಕಲಾವಿದರಿಗಿಂತ ಒಳ್ಳೆಯ ಮೊದಲ ಪಾಠ ಮಗುವಿಗೆ ಸಿಗಲಾರದು. ಬೆಳಕಿದೆ, ಮನೆಯ ಹೊಸ್ತಿಲಿದೆ, ಅವ್ವನ ಸೆರಗಿದೆ, ಆಟ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮೊಹರಮ್ಮಿನ ಹುಲಿವೇಷವೂ ಹಾಗೆಯೇ. ಆಗ ಮಗುವಿನ ಮುಖ ನೋಡಿ. ಸೆರಗಿನ ಹಿಂದೆ ಅಡಗಿಕೊಂಡು ಮತ್ತೆ ಮತ್ತೆ ಇಣುಕಿದರೆ ಹೆದರಿಕೆಯ ಜೊತೆ ಕುತೂಹಲವೂ ಇದೆ, ಆ ಮಗುವನ್ನು ನಾಟಕಕ್ಕೆ ಒಯ್ಯಬಹುದು. ಮುಖ ಮುಚ್ಚಿಕೊಂಡು ಒಳಗೆ ಓಡಿ, ವೇಷದವರು ಹೋದ ಮೇಲೂ ಹೊರಗೆ ಬರಲು ಒಪ್ಪದಿದ್ದರೆ ಇನ್ನೊಂದು ವರ್ಷ ತಾಳಿ. "ಗಂಡಸಾಗಿ ಅಂಜತಿಯೇನೋ" ಎಂದು ಎಳೆದು ತಂದು ವೇಷದವರ ಕೈಗೆ ಕೊಡುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ದಯವಿಟ್ಟು ಅದನ್ನು ನಿಲ್ಲಿಸಿ. ಮಗು ಅದರಿಂದ ಧೈರ್ಯ ಕಲಿಯುವುದಿಲ್ಲ. ತನ್ನನ್ನು ಕಾಯಬೇಕಾದವರೇ ತನ್ನನ್ನು ಒಪ್ಪಿಸಿಬಿಡುತ್ತಾರೆ ಎಂಬುದನ್ನು ಕಲಿಯುತ್ತದೆ.

ಇದಲ್ಲದೆ ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಮಹಾನಗರದ ಮಕ್ಕಳಿಗಿಲ್ಲದ ದೊಡ್ಡದೊಂದು ಅನುಕೂಲವಿದೆ. ಅದು ತಾಲೀಮು.

ಹಳ್ಳಿಯ ನಾಟಕ ಒಂದು ರಾತ್ರಿಯದಾದರೂ ಅದರ ತಾಲೀಮು ಒಂದೆರಡು ತಿಂಗಳು ನಡೆಯುತ್ತದೆ. ಹೊಲದ ಕೆಲಸ ಮುಗಿಸಿ ಬಂದವರು ಗುಡಿಯ ಪೌಳಿಯಲ್ಲೋ ಸಮುದಾಯ ಭವನದಲ್ಲೋ ಸೇರುತ್ತಾರೆ. ಮಾಸ್ತರರು ಹಾರ್ಮೋನಿಯಂ ಹಿಡಿದು ಕೂರುತ್ತಾರೆ, ಒಬ್ಬ ಪುಸ್ತಕ ನೋಡಿ ಮಾತು ಹೇಳಿಕೊಡುತ್ತಾನೆ. ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅರ್ಧ ಗಂಟೆ ಕೂರಿಸಿ, ಬೇಸರ ಬಂದೊಡನೆ ಎದ್ದು ಬನ್ನಿ. ಕಾಸು ಖರ್ಚಿಲ್ಲ, ನಿದ್ದೆ ಕೆಡುವುದಿಲ್ಲ. ಮಗು ಅಲ್ಲಿ ಕಾಣುವುದೇನು? ದಿನಾ ಹಾಲು ಹಾಕಲು ಬರುವ ಕಾಕಾ ಎದ್ದು ನಿಂತು ಎದೆಯುಬ್ಬಿಸಿ ದುರ್ಯೋಧನನಾಗುತ್ತಾನೆ. ಮಾತು ಮರೆತು ನಿಲ್ಲುತ್ತಾನೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಮತ್ತೆ ದುರ್ಯೋಧನನಾಗುತ್ತಾನೆ. ಒಬ್ಬ ಸತ್ತು ಬೀಳುತ್ತಾನೆ, ಎದ್ದು ಧೂಳು ಕೊಡವಿ ಚಹಾ ಕುಡಿಯುತ್ತಾನೆ. ನಾಟಕ ಹೇಗೆ ನಡೆಯುತ್ತದೆ ಎಂದು ಮಾತಿನಲ್ಲಿ ಹೇಳಿ ತಿಳಿಸಲಾಗದ್ದನ್ನು ಈ ಚಹಾ ತಿಳಿಸುತ್ತದೆ.

ಹೀಗೆ ನಾಲ್ಕೈದು ಸಂಜೆ ಕಂಡ ಮಗು ಜಾತ್ರೆಯ ರಾತ್ರಿ ಪರದೆ ಎದ್ದಾಗ ಹೆದರುವುದು ಕಡಿಮೆ, ಗುರುತು ಹಿಡಿಯುವುದು ಹೆಚ್ಚು. "ಅವ ನಮ್ಮ ಕಾಕಾ!" ಎಂದು ಕೂಗಿದರೆ ಗದರಿಸಬೇಡಿ. ಆ ಕೂಗಿನಲ್ಲಿ ಮಗು ಮನುಷ್ಯನನ್ನೂ ಪಾತ್ರವನ್ನೂ ಒಟ್ಟಿಗೆ ಹಿಡಿದಿದೆ, ಬಲ್ಲ ಪ್ರೇಕ್ಷಕನೂ ಮಾಡುವುದು ಅದನ್ನೇ. ಸಾಧ್ಯವಾದರೆ ಆಟದ ದಿನ ಸಂಜೆ ಬಣ್ಣ ಹಚ್ಚುವ ಕೋಣೆಗೂ ಒಮ್ಮೆ ಕರೆದೊಯ್ಯಿರಿ. ಮುಖಕ್ಕೆ ಬಣ್ಣ ಏರುವುದನ್ನೂ ಮೀಸೆ ಅಂಟಿಸುವುದನ್ನೂ ಕಣ್ಣಾರೆ ಕಂಡ ಮಗುವಿಗೆ ಆ ಮೀಸೆ ಮತ್ತೆ ಭೂತವಾಗುವುದಿಲ್ಲ. ಕಂಪನಿಯವರ ಬಳಿ ಈ ಅವಕಾಶ ಸುಲಭವಲ್ಲ, ಅವರ ದುಡಿಮೆಯ ಹೊತ್ತದು. ಊರ ನಾಟಕದಲ್ಲಿ ಯಾರೂ ಬೇಡವೆನ್ನರು. ನಟಿಯರು ಹೊರಗಿನಿಂದ ಬಂದ ವೃತ್ತಿಯವರಾದ್ದರಿಂದ ಅವರ ಕೋಣೆಗೆ ನುಗ್ಗದಿರುವ ಮರ್ಯಾದೆಯನ್ನು ಮಗುವಿಗೆ ಅಲ್ಲೇ ಕಲಿಸಬಹುದು.

ಇನ್ನು ಯಾವ ನಾಟಕ ಎಂಬುದು. ಕಥೆಯನ್ನು ಮೊದಲೇ ತಿಳಿದುಕೊಳ್ಳದೆ ಮಗುವನ್ನು ಒಯ್ಯಬೇಡಿ. ವಿಜಯಪುರದ ರಂಗಮಂದಿರಕ್ಕೆ ಹೆಸರಾಗಿರುವ ಕಂದಗಲ್ ಹನುಮಂತರಾಯರು ನಮ್ಮ ಸೀಮೆಯ ಹೆಮ್ಮೆ, ಅವರ 'ರಕ್ತರಾತ್ರಿ' ಇಂದಿಗೂ ಊರೂರಲ್ಲಿ ಆಡುವ ನಾಟಕ. ಅದರ ಮಾತಿನ ಓಘ ಕೇಳಿ ಬೆಳೆದವರು ಅದನ್ನು ಮರೆಯಲಾರರು. ಆದರೆ ಮಹಾಭಾರತ ಯುದ್ಧದ ಸೇಡು, ಶಾಪ, ನೆತ್ತರಿನ ಆ ನಾಟಕ ಐದು ವರ್ಷದ ಮಗುವಿಗೆ ಹೇಳಿದ್ದಲ್ಲ. ಬೈಲಹೊಂಗಲ ಸೀಮೆಯ 'ಸಂಗ್ಯಾ ಬಾಳ್ಯಾ' ಸಣ್ಣಾಟದ ಹಾಡುಗಳನ್ನು ಮನೆಯಲ್ಲಿ ಗುನುಗುವುದು ಚೆಂದ. ಅದರಲ್ಲಿರುವ ಗೆಳೆಯನ ದ್ರೋಹ, ಹಾದರ, ಕೊಲೆ ಹದಿವಯಸ್ಸಿನವರಿಗೂ ಭಾರವಾದವು. ಅತ್ತೆಯ ಕಾಟವನ್ನು ಸಹಿಸುವ ಹೇಮರಡ್ಡಿ ಮಲ್ಲಮ್ಮನ ನಾಟಕಕ್ಕೆ ಭಕ್ತಿಯ ಕಥೆಯೆಂದು ಮಕ್ಕಳನ್ನು ಧೈರ್ಯವಾಗಿ ಒಯ್ಯುತ್ತಾರೆ. ಆದರೆ ಸೌಮ್ಯವಾದ ಹೆಂಗಸನ್ನು ಹೊಡೆದು ಬಡಿದು ಮಾಡುವ ದೃಶ್ಯಗಳು ಕೆಲವು ಮಕ್ಕಳನ್ನು ರಾಕ್ಷಸನಿಗಿಂತ ಹೆಚ್ಚು ಕಲಕುತ್ತವೆ. ಮನೆಯಲ್ಲಿ ಜಗಳ ಕಂಡ ಮಗುವಿಗಂತೂ ಅದು ಕಥೆಯಾಗಿ ಉಳಿಯುವುದಿಲ್ಲ.

ಶ್ರೀಕೃಷ್ಣ ಪಾರಿಜಾತ ಬೇರೆ ಜಾತಿಯದು. ಒಂದು ಹೂವಿಗಾಗಿ ರುಕ್ಮಿಣಿ ಸತ್ಯಭಾಮೆಯರ ಮುನಿಸು, ನಡುವೆ ಸಿಕ್ಕ ಕೃಷ್ಣ, ಹಾಡಿನ ಮೇಲೆ ಹಾಡು, ಭಾಗವತನ ಚೇಷ್ಟೆ. ಕುಲಗೋಡ ತಮ್ಮಣ್ಣ ಕಟ್ಟಿದ, ಕೌಜಲಗಿ ನಿಂಗಮ್ಮನ ಹಾಡಿಕೆಯಿಂದ ಊರೂರಿಗೆ ಹೆಸರಾದ ಈ ಆಟದಲ್ಲಿ ಮಗು ಬೆಚ್ಚುವಂಥದ್ದು ಏನೂ ಇಲ್ಲ. ಉದ್ದವೊಂದೇ ತೊಂದರೆ, ಮೊದಲ ಒಂದು ಗಂಟೆ ನೋಡಿ ಏಳಬಹುದು. ತೊಗಲುಗೊಂಬೆಯಾಟ ಸಿಕ್ಕರೆ ಬಿಡಬೇಡಿ. ಗೊಂಬೆ ಸತ್ತರೂ ಮನುಷ್ಯ ಸತ್ತಷ್ಟು ಮಗುವನ್ನು ತಾಗುವುದಿಲ್ಲ, ಹಾಗಾಗಿ ಯುದ್ಧದ ಕಥೆಯನ್ನೂ ಮಗು ತಾಳಿಕೊಳ್ಳುತ್ತದೆ. ಕಂಪನಿಯ ಹಾಸ್ಯ ನಾಟಕಗಳ ಬಗ್ಗೆ ಮಾತ್ರ ಎರಡು ಮಾತು. ಎರಡರ್ಥದ ಮಾತು ಚಿಕ್ಕ ಮಗುವಿಗೆ ತಿಳಿಯುವುದಿಲ್ಲ, ಅದರಿಂದ ತಕ್ಷಣದ ಅಪಾಯವೇನೂ ಇಲ್ಲ. ಆದರೆ ಆರೇಳು ವರ್ಷದ ಮಗು ಅದನ್ನು ಹಾಗೆಯೇ ಕಲಿತು ಮರುದಿನ ಶಾಲೆಯಲ್ಲಿ ಒಪ್ಪಿಸುತ್ತದೆ, ಹೊಡೆತ ತಿನ್ನುವುದೂ ಅದೇ. ಅದಕ್ಕಾಗಿ ಈಗಾಗಲೇ ಆ ನಾಟಕ ನೋಡಿ ಬಂದವರನ್ನು ಕೇಳಿ: ಸಾಯುವವರು ಯಾರು, ಎಲ್ಲರ ಕಣ್ಣೆದುರಿಗೆ ಸಾಯುತ್ತಾರೋ, ಪಿಸ್ತೂಲಿನ ಸದ್ದಿದೆಯೋ, ದೀಪ ಪೂರ್ತಿ ಆರಿಸುತ್ತಾರೋ, ಹಾಸ್ಯ ಎಂಥದ್ದು. ಐದು ನಿಮಿಷದ ಮಾತು ಇದು.

ಹೊತ್ತಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೂರರಿಂದ ಐದು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಹಳ್ಳಿಯ ನಾಟಕಕ್ಕೆ ಕರಪತ್ರದಲ್ಲಿ ರಾತ್ರಿ ಹತ್ತು ಗಂಟೆ ಎಂದಿದ್ದರೂ ಪೂಜೆ, ಉದ್ಘಾಟನೆ, ಗಣ್ಯರ ಭಾಷಣ, ದಾನಿಗಳ ಸನ್ಮಾನ ಮುಗಿದು ಪರದೆ ಏಳುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ನಡುನಡುವೆ ಆಯೇರಿ ಕೂಗುವುದು ಬೇರೆ. ನಾಟಕಕ್ಕೆಂದು ಎಚ್ಚರವಿಟ್ಟ ಮಗು ನಾಟಕ ಶುರುವಾಗುವಾಗ ನಿದ್ದೆಗೆಟ್ಟು ಸಿಡಿಮಿಡಿಗೊಂಡಿರುತ್ತದೆ, ಆಮೇಲೆ ಆಟದ ಹೆಸರು ಕೆಡುತ್ತದೆ. ಇದಕ್ಕೆ ಎರಡು ದಾರಿ. ಮಧ್ಯಾಹ್ನ ಚೆನ್ನಾಗಿ ಮಲಗಿಸಿ, ಭಾಷಣವೆಲ್ಲ ಮುಗಿದ ಮೇಲೆ ಕರೆದುಕೊಂಡು ಹೋಗಿ ಮೊದಲ ಎರಡು ಮೂರು ಸೀನು ತೋರಿಸಿ ಮನೆಗೆ ತನ್ನಿ. ಇಲ್ಲವೇ ಕಂಪನಿಯ ಸಂಜೆಯ ಆಟ ಆರಿಸಿ, ಟೆಂಟಿನಲ್ಲಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ನಡೆಯುವಾಗ ಮೊದಲನೆಯದೇ ಮಕ್ಕಳಿಗೆ ಸರಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ಹಲವು ಕಂಪನಿಗಳು ಒಟ್ಟಿಗೆ ಬೀಡುಬಿಟ್ಟಿರುವುದರಿಂದ ಕಥೆಯನ್ನೂ ಹೊತ್ತನ್ನೂ ಆರಿಸಿಕೊಳ್ಳಲು ಅವಕಾಶ ಹೆಚ್ಚು. ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದ ಆಟಗಳು ಸಾಮಾನ್ಯವಾಗಿ ಸಂಜೆಯವು, ಒಂದೂವರೆ ಎರಡು ಗಂಟೆಯಲ್ಲಿ ಮುಗಿಯುತ್ತವೆ. ಬಾಗೇವಾಡಿಯಿಂದ ಅದು ಸುಮಾರು 45 ಕಿಲೋಮೀಟರ್, ಇಂಡಿ ಸಿಂದಗಿಗಳಿಂದ ಇನ್ನೂ ಸ್ವಲ್ಪ ಹೆಚ್ಚು, ಮುದ್ದೇಬಿಹಾಳದಿಂದ ಸುಮಾರು 80. ಕೊನೆಯ ಬಸ್ಸಿನ ವೇಳೆ ಕೇಳಿಕೊಳ್ಳದೆ ಹೊರಡಬೇಡಿ. ಅಲ್ಲೇ ನೆಂಟರ ಮನೆಯಿದ್ದರೆ ರಾತ್ರಿ ಉಳಿದುಬಿಡುವುದೇ ಲೇಸು.

ಅಜ್ಜಿಯ ಕಾಲಕ್ಕೂ ಈಗಿನದಕ್ಕೂ ಬದಲಾಗಿರುವ ದೊಡ್ಡ ಸಂಗತಿ ಸದ್ದು. ಅವರು ನೋಡಿದ ದೊಡ್ಡಾಟದಲ್ಲಿ ನಟನ ಕಂಠವೇ ಊರಿಗೆಲ್ಲ ಕೇಳಬೇಕಿತ್ತು. ಈಗ ರಂಗದ ಎರಡೂ ಬದಿಗೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಅವುಗಳ ಬುಡದಲ್ಲೇ ಹಾಸಿದ ತಾಡಪತ್ರಿ, ಅದರ ಮೇಲೆ ಊರ ಮಕ್ಕಳೆಲ್ಲ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆಗಿಂತ ಹೆಚ್ಚಿರಬಾರದು ಎಂಬುದು ಕಾರ್ಖಾನೆಯಲ್ಲಿ ದುಡಿಯುವ ದೊಡ್ಡವರಿಗೆ ಮಾಡಿದ ಲೆಕ್ಕ. ಸದ್ದು 100 ಡೆಸಿಬಲ್‌ಗೆ ಏರಿದರೆ ಅದೇ ಲೆಕ್ಕದಲ್ಲಿ ಆ ಅವಧಿ ಕಾಲು ಗಂಟೆಗೆ ಇಳಿಯುತ್ತದೆ. ಪೆಟ್ಟಿಗೆಯ ಎದುರಿನ ಸದ್ದು ಅಷ್ಟಕ್ಕೆ ಏರುವುದು ಕಷ್ಟವೇನಲ್ಲ. ಅಳೆಯುವ ಯಂತ್ರ ಬೇಕಿಲ್ಲ. ಕೈಯಳತೆಯಲ್ಲಿ ಕೂತವರಿಗೆ ನೀವು ಕೂಗಿ ಮಾತಾಡಬೇಕಾದರೆ ಆ ಜಾಗ ಮಗುವಿಗೆ ಬೇಡ. ಹಿಂದಕ್ಕೆ, ಅಂಚಿಗೆ, ಎದ್ದು ಹೋಗಲು ದಾರಿಯಿರುವ ಕಡೆ ಕೂರಿ, ಮಗುವನ್ನು ತೊಡೆಯ ಮೇಲೆ ಎತ್ತರಿಸಿಕೊಳ್ಳಿ. ಪೆಟ್ಟಿಗೆಗಳನ್ನು ತಾಡಪತ್ರಿಯಿಂದ ಹತ್ತಿಪ್ಪತ್ತು ಅಡಿ ಆಚೆ ಇಡಲು ನಾಟಕದ ಕಮಿಟಿಯವರು ಮನಸ್ಸು ಮಾಡಿದರೆ ಊರ ಮಕ್ಕಳಿಗೆ ದೊಡ್ಡ ಉಪಕಾರವಾಗುತ್ತದೆ. ಇದನ್ನು ಓದುವ ಕಮಿಟಿಯವರಿದ್ದರೆ ಈ ವರ್ಷವೇ ಮಾಡಿ.

ಪುಷ್ಯಮಾಸದ ಬಯಲಿನ ಚಳಿಗೆ ಕಿವಿ ಮುಚ್ಚುವ ಟೊಪ್ಪಿಗೆ, ಕಂಬಳಿ, ನೀರು. ಹೊರಡುವ ಮೊದಲು ಊಟ, ಮೂತ್ರ. ಇವನ್ನು ಯಾವ ತಾಯಿಗೂ ಹೇಳಿಕೊಡಬೇಕಿಲ್ಲ.

ಆಟದ ನಡುವೆ ಮಗು ಹೆದರಿದರೆ "ಏನೂ ಆಗೂದಿಲ್ಲ, ಸುಮ್ಮನ ಕುಂದ್ರು" ಎಂಬುದು ಸಾಲದು. ಏನು ನಡೆಯುತ್ತಿದೆ ಎಂದು ಕಿವಿಯಲ್ಲಿ ಹೇಳಿ: ಅದು ರಟ್ಟಿನ ಕತ್ತಿ, ಈಗ ಅವನು ಒಳಗೆ ಹೋಗುತ್ತಾನೆ, ಮುಂದಿನ ಸೀನಿನಲ್ಲಿ ನಗಿಸುವವನು ಬರುತ್ತಾನೆ. ಕಥೆ ಮೊದಲೇ ಗೊತ್ತಿದ್ದರೆ ಇದು ಸುಲಭ. ಮಗುವಿಗೂ ಹಿಂದಿನ ದಿನವೇ ಕಥೆಯನ್ನು ಕೊನೆಯವರೆಗೆ ಹೇಳಿಬಿಡಿ. ಕುತೂಹಲ ಹಾಳಾಗುತ್ತದೆಂಬ ಭಯ ದೊಡ್ಡವರದು, ಚಿಕ್ಕವರು ಒಂದೇ ಕಥೆಯನ್ನು ನೂರು ಸಲ ಕೇಳುವವರು. ಆದರೂ ಮಗು ಬಿಗಿದುಕೊಂಡು ಮುಖ ಹುದುಗಿಸಿದರೆ ಎದ್ದುಬಿಡಿ. ಹೀಗೆ ಏಳಲು ನೀವು ಮನೆಯಿಂದಲೇ ಮನಸ್ಸು ಮಾಡಿ ಬಂದಿರಬೇಕು. "ಟಿಕೆಟ್ ತಗೊಂಡೀವಿ", "ನಮ್ಮ ಅಳಿಯನ ಪಾರ್ಟು ಇನ್ನೂ ಬಂದಿಲ್ಲ" ಎಂದು ಕೂತರೆ ಮಗು ಆ ರಾತ್ರಿಯನ್ನು ಅಂಜಿಕೆಯಾಗಿಯೇ ಉಳಿಸಿಕೊಳ್ಳುತ್ತದೆ. ನಾಟಕ ನೋಡಲೇಬೇಕೆಂಬ ಆಸೆಯಿದ್ದವರು ಇನ್ನೊಬ್ಬ ದೊಡ್ಡವರನ್ನು ಜೊತೆಗೆ ಕರೆತನ್ನಿ. ಒಬ್ಬರು ಮಗುವಿನೊಡನೆ ಹೊರಗೆ ಹೋದಾಗ ಇನ್ನೊಬ್ಬರು ಉಳಿಯಬಹುದು. ಮಗು ಅಲ್ಲೇ ನಿದ್ದೆ ಹೋದರೆ ಅದಕ್ಕಿಂತ ಒಳ್ಳೆಯದಿಲ್ಲ, ರಾಕ್ಷಸ ಬಂದನೆಂದು ಎಬ್ಬಿಸಿ ತೋರಿಸುವ ಹಳೆಯ ಚಾಳಿಯೊಂದನ್ನು ಬಿಟ್ಟರೆ ಸಾಕು.

ಕೆಲವು ಮಕ್ಕಳಿಗೆ ಸದ್ದು, ಮಿಂಚುವ ದೀಪ, ಜನಜಂಗುಳಿ ಮೂರೂ ಸೇರಿದರೆ ತಡೆಯಲಾಗುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು. ಅವರನ್ನು ಮನೆಯಲ್ಲೇ ಬಿಟ್ಟು ಹೋಗುವುದೇ ಪರಿಹಾರ ಎಂದುಕೊಳ್ಳಬೇಡಿ. ತಾಲೀಮಿನ ಸಣ್ಣ ಬೆಳಕು, ಪರಿಚಿತ ಮುಖ, ಬೇಕೆಂದಾಗ ಎದ್ದು ತಿರುಗಾಡುವ ಬಿಡುವು ಇವರಿಗೆ ಎಲ್ಲರಿಗಿಂತ ಹೆಚ್ಚು ಒಗ್ಗುತ್ತದೆ, ಆಟದ ರಾತ್ರಿಗಿಂತ ತಾಲೀಮೇ ಅವರ ನಾಟಕವಾಗಬಹುದು.

ಮರುದಿನ "ಏನು ನೀತಿ ಕಲಿತಿ?" ಎಂದು ಕೇಳಬೇಡಿ. ಸುಮ್ಮನೆ ಅಂಗಳದಲ್ಲಿ ಒಂದು ಟಾವೆಲು, ಒಂದು ಕೋಲು ಬಿಟ್ಟಿರಿ. ನಾಟಕ ತಾಗಿದ್ದರೆ ಮಗು ಅದನ್ನು ಆಡಿ ತೋರಿಸುತ್ತದೆ. ಹೆದರಿದ ದೃಶ್ಯವನ್ನೇ ಮತ್ತೆ ಮತ್ತೆ ಆಡಿದರೆ ಗಾಬರಿಯಾಗಬೇಡಿ, ಅಂಜಿಕೆಯನ್ನು ಮಕ್ಕಳು ಕರಗಿಸಿಕೊಳ್ಳುವುದು ಹಾಗೆಯೇ. ರಾತ್ರಿ ಹಲವು ದಿನ ಬೆಚ್ಚಿ ಏಳತೊಡಗಿದರೆ ಮಾತ್ರ ಆ ಬಗೆಯ ಆಟವನ್ನು ಒಂದೆರಡು ವರ್ಷ ದೂರವಿಡಿ.

ಮಕ್ಕಳಿಗೆಂದೇ ಮಾಡಿದ ನಾಟಕ ಈ ತಾಲ್ಲೂಕುಗಳಿಗೆ ಬರುವುದು ಅಪರೂಪ, ಆದರೆ ಅದನ್ನು ಇಲ್ಲೇ ಮಾಡಿಕೊಳ್ಳಲು ಸಾಮಗ್ರಿ ಸಾಕಷ್ಟಿದೆ. ಕುವೆಂಪು ಅವರ 'ನನ್ನ ಗೋಪಾಲ', 'ಮೋಡಣ್ಣನ ತಮ್ಮ', ವೈದೇಹಿಯವರ 'ನಾಯಿಮರಿ ನಾಟಕ', 'ಧಾಂ ಧೂಂ ಸುಂಟರಗಾಳಿ', ಕಂಬಾರರ 'ಪುಷ್ಪರಾಣಿ' ಇವೆಲ್ಲ ಶಾಲೆಯ ಪಡಸಾಲೆಯಲ್ಲಿ ಆಡಬಹುದಾದವು. ಧಾರವಾಡ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ, ಅದೇ ಊರಿನ ಗೊಂಬೆಮನೆ ಗೊಂಬೆಯಾಟಗಳನ್ನು ಕಟ್ಟುತ್ತ ಬಂದಿದೆ. ಆಸಕ್ತಿಯ ಮಾಸ್ತರರು ಅಲ್ಲಿಗೆ ಹೋಗಿ ನೋಡಿ ಬಂದರೆ ಊರಿಗೆ ಉಪಯೋಗ. ಈ ಸಲದ ಗ್ಯಾದರಿಂಗಿಗೆ ಐದನೆಯ ಆರನೆಯ ಇಯತ್ತೆಯ ಮಕ್ಕಳಿಂದ ಅರ್ಧ ಗಂಟೆಯ ನಾಟಕವೊಂದನ್ನು ಮಾಡಿಸಿ. ಗ್ಯಾದರಿಂಗಿನ ರಾತ್ರಿಗೆ ಮೊದಲು, ಒಂದು ಬೆಳಗ್ಗೆ ಹನ್ನೊಂದು ಗಂಟೆಗೆ, ಮೈಕಿಲ್ಲದೆ, ಊರ ಅಂಗನವಾಡಿಯ ಕೂಸುಗಳನ್ನು ನೆಲದ ಮೇಲೆ ಎದುರಿಗೆ ಕೂರಿಸಿಕೊಂಡು ಅದನ್ನು ಆಡಿಸಿ.